148 ಕೋಟಿಯ ಒಂದು ಊಟ, ಬೀದಿ ತುಂಬ ಹಸಿದವರ ಸಾಲು: ಗ್ಲೈಡ್ ಚರ್ಚ್ ಎಷ್ಟಂತ ಹೊರಲು ಸಾಧ್ಯ?

ಷೇರುಪೇಟೆಯ ದಿಗ್ಗಜ ವಾರೆನ್ ಬಫೆಟ್ ಜೊತೆ ಕೂತು ಒಂದು ಹೊತ್ತು ಊಟ ಮಾಡೋಕೆ 2022ರ ಜೂನ್‌ನಲ್ಲಿ ಒಬ್ಬರು ಕೊಟ್ಟಿದ್ದು 1.9 ಕೋಟಿ ಡಾಲರ್. ಅಂದಿನ ಲೆಕ್ಕದಲ್ಲಿ ಸುಮಾರು 148 ಕೋಟಿ ರೂಪಾಯಿ. ಆ ಹಣ ಸೇರಿದ್ದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಗ್ಲೈಡ್ ಚರ್ಚ್‌ನ ಸೇವಾ ಸಂಸ್ಥೆಗೆ. ಬಡವರಿಗೆ ಬಿಟ್ಟಿ ಊಟ ಹಾಕುವ ಜಾಗ ಅದು.

ಚರ್ಚ್ ಇರೋದು ಟೆಂಡರ್‌ಲಾಯ್ನ್ ಬಡಾವಣೆಯಲ್ಲಿ. ದುಬಾರಿ ಮಳಿಗೆಗಳ ಯೂನಿಯನ್ ಸ್ಕ್ವೇರ್ ನಡೆದು ಹೋಗುವಷ್ಟು ಹತ್ತಿರ. ಆದರೆ ಇಲ್ಲಿ ಹಳೇ ಲಾಡ್ಜ್‌ಗಳ ಒಂಟಿ ಕೋಣೆಗಳಲ್ಲಿ ಬಾಡಿಗೆಗಿರುವ ಮುದುಕರು, ವಲಸಿಗರು, ಫುಟ್‌ಪಾತ್‌ನಲ್ಲೇ ಮಲಗುವವರು ಇದ್ದಾರೆ. ಮಾದಕ ವಸ್ತು ಬಹಿರಂಗವಾಗಿ ಮಾರಾಟವಾಗುತ್ತದೆ. 2023ರಲ್ಲಿ ಇಡೀ ನಗರದಲ್ಲಿ ಮಾದಕ ವಸ್ತುವಿನ ಅತಿಸೇವನೆಯಿಂದ ಸತ್ತವರೇ 800ಕ್ಕೂ ಹೆಚ್ಚು ಮಂದಿ.

1963ರಲ್ಲಿ ಕಪ್ಪು ವರ್ಣೀಯ ಪಾದ್ರಿ ಸೆಸಿಲ್ ವಿಲಿಯಮ್ಸ್ ಬಂದಾಗ ಗ್ಲೈಡ್‌ನಲ್ಲಿ ಭಕ್ತರು ಬೆರಳೆಣಿಕೆಯಷ್ಟಿದ್ದರು. ಅವರು ಬೀದಿಯವರಿಗೆ ಬಾಗಿಲು ತೆರೆದರು. ವ್ಯಸನಿಗಳು, ಮನೆಯವರು ಹೊರಹಾಕಿದ ಸಲಿಂಗಿ ಯುವಕರು, ಯಾರಿಗೂ ಇಲ್ಲ ಅನ್ನಲಿಲ್ಲ. ಊಟದ ಜೊತೆ ಎಚ್‌ಐವಿ ಪರೀಕ್ಷೆ, ಮಕ್ಕಳ ಪಾಲನೆ, ವ್ಯಸನಿಗಳ ಜೀವ ಉಳಿಸುವ ಕೆಲಸವೂ ಬೆಳೆಯಿತು. ವಿಲಿಯಮ್ಸ್ 2024ರ ಏಪ್ರಿಲ್‌ನಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು.

ಬಫೆಟ್ ಅವರನ್ನು ಗ್ಲೈಡ್‌ಗೆ ಪರಿಚಯಿಸಿದ್ದು ಅಲ್ಲಿ ಸ್ವಯಂಸೇವೆ ಮಾಡುತ್ತಿದ್ದ ಪತ್ನಿ ಸೂಸನ್. 2000ದಿಂದ 2022ರವರೆಗೆ ಊಟದ ಹರಾಜಿನಿಂದ ಬಂದಿದ್ದು 5.3 ಕೋಟಿ ಡಾಲರ್. 2022ರದ್ದೇ ಕೊನೇದು ಎಂದು ಆಗ ಘೋಷಣೆಯಾಗಿತ್ತು. ಮರುವರ್ಷ ಇನ್ನೊಬ್ಬ ಉದ್ಯಮಿ ಮಾರ್ಕ್ ಬೆನಿಯಾಫ್ ಜೊತೆಗಿನ ಊಟಕ್ಕೆ ಸಿಕ್ಕಿದ್ದು 15 ಲಕ್ಷ ಡಾಲರ್. ಒಬ್ಬ ದೊಡ್ಡ ಗಿರಾಕಿಯನ್ನೇ ನಂಬಿದ ಅಂಗಡಿಯ ಕಷ್ಟ ವ್ಯಾಪಾರಸ್ಥರಿಗೆ ಹೇಳಿಕೊಡಬೇಕಿಲ್ಲ. ದಾನಿಗಳನ್ನು ನಂಬಿದ ಸೇವೆಯದ್ದೂ ಅದೇ ಕಥೆ.

ಅಲ್ಲಿನ ವರ್ತಕರ ಗೋಳೂ ಸುಳ್ಳಲ್ಲ. ಬಾಗಿಲ ಮುಂದೆ ಗಲಾಟೆ, ಗಲೀಜು ಇದ್ದರೆ ಗಿರಾಕಿ ಒಳಗೆ ಬರೋದಿಲ್ಲ. 2024ರ ಜುಲೈನಲ್ಲಿ ನಗರಾಡಳಿತ, ಬಡಾವಣೆಯ ಒಂದು ಭಾಗದಲ್ಲಿ ದಿನಸಿ, ತಂಬಾಕು ಅಂಗಡಿಗಳು ರಾತ್ರಿ 12ರಿಂದ ಬೆಳಗಿನ 5ರವರೆಗೆ ಮುಚ್ಚಿರಬೇಕು ಎಂದಿತು. ದಂಧೆ ಮಾಡುವವರ ಗುಂಪು ತಡೆಯೋಕೆ ತಂದ ನಿಯಮದ ಬಿಸಿ ತಟ್ಟಿದ್ದು ಸಣ್ಣ ಅಂಗಡಿಯವರಿಗೆ.

ಅದೇ ವರ್ಷ, ಆಶ್ರಯದ ಜಾಗ ಇಲ್ಲದಿದ್ದರೂ ಬೀದಿಯಲ್ಲಿ ಮಲಗುವವರಿಗೆ ದಂಡ ಹಾಕಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಟೆಂಟ್ ತೆರವು ಚುರುಕಾಯಿತು. ಆದರೆ ಎಬ್ಬಿಸಿದವರು ಮಾಯವಾಗೋದಿಲ್ಲ. ಪಕ್ಕದ ಬೀದಿಯ ಅಂಗಡಿ ಮೆಟ್ಟಿಲಿಗೆ ಹೋಗುತ್ತಾರೆ.

ಊಟ ಹಾಕೋದರಿಂದಲೇ ಸಾಲು ಬೆಳೀತಿದೆ ಎಂಬ ವಾದ ಇದೆ. ಆದರೆ ಸಾಲು ಹುಟ್ಟಿದ್ದು ಅಡುಗೆಮನೆಯಿಂದಲ್ಲ. ಕೈಗೆಟುಕದ ಬಾಡಿಗೆ, ಚಿಕಿತ್ಸೆಯಿಲ್ಲದ ವ್ಯಸನ, ಮಾನಸಿಕ ಕಾಯಿಲೆಗಳು ಜನರನ್ನು ಬೀದಿಗೆ ತಂದಿವೆ. ಚರ್ಚ್ ಹಸಿವು ತಣಿಸಬಹುದು, ಸಾವು ತಪ್ಪಿಸಬಹುದು. ಬಾಡಿಗೆ ಇಳಿಸೋದು, ಸಾವಿರಾರು ಕೋಣೆ ಕಟ್ಟೋದು ಅದರ ಕೈಲಿಲ್ಲ. ಅದು ಸರ್ಕಾರದ ಕೆಲಸ. ಅಲ್ಲೀತನಕ ಗ್ಲೈಡ್ ಮುಂದೆ ಬೆಳಿಗ್ಗೆ ಸಾಲು ಇರುತ್ತದೆ, ಅಂಗಡಿಯವರ ದೂರೂ ಇರುತ್ತದೆ.