ನಾಲ್ಕು ಅಂದ್ರೆ ಯಾವ ವಾರ?

ಅಮ್ಮನ ಫೋನ್ ಬಂದಾಗ ಶುಕ್ರವಾರ ರಾತ್ರಿ ಎಂಟೂವರೆ. "ಮಾತ್ರೆ ನಿನ್ನೇನೇ ನುಂಗಿದೀನಲ್ಲೋ, ಇವತ್ತು ನುಂಗು ಅಂತ ನಿನ್ನ ಮೆಸೇಜು ಬಂದಿದೆ. ಡಾಕ್ಟ್ರೇನಾದ್ರೂ ಬದಲಾಯಿಸಿದ್ರಾ?"

ಎದೆ ಧಸಕ್ ಅಂತು. ಅಮ್ಮನಿಗೆ ಸಂಧಿವಾತ. ಮೆಥೊಟ್ರೆಕ್ಸೇಟ್ ಅನ್ನೋ ಮಾತ್ರೆಯನ್ನ ವಾರಕ್ಕೆ ಒಂದೇ ದಿನ ತಗೋಬೇಕು. ದಿನಾ ನುಂಗೋ ಮಾತ್ರೆ ಅಂದ್ಕೊಂಡು ನುಂಗಿದ್ರೆ ಪ್ರಾಣಕ್ಕೇ ಕುತ್ತು ಅಂತ ಡಾಕ್ಟರು ಎರಡೆರಡು ಸಲ ಹೇಳಿ ಕಳಿಸಿದ್ರು. ಮರೀಬಾರ್ದು ಅಂತಲೇ ಆ ವಾರ ನಾನೊಂದು ಪುಟ್ಟ ಪ್ರೋಗ್ರಾಂ ಬರೆದಿದ್ದೆ. ಅಮ್ಮ ಫೋನಿನಲ್ಲಿ 'ಗುರುವಾರ' ಅಂತ ಆರಿಸಿದ್ರೆ ಸಾಕು, ವಾರವಾರ ರಾತ್ರಿ ಎಂಟಕ್ಕೆ ಮೆಸೇಜ್ ಹೋಗುತ್ತೆ.

ಹೋಯ್ತು, ಒಂದು ದಿನ ತಡವಾಗಿ.

ಲ್ಯಾಪ್‌ಟಾಪ್ ತೆಗೆದು ನೋಡಿದ್ರೆ ತಪ್ಪು ಅಂತ ತೋರಿಸೋ ಒಂದು ಸಾಲೂ ಇಲ್ಲ. ಫೋನಿನ ಪುಟ ಜಾವಾಸ್ಕ್ರಿಪ್ಟಿನದು. ಅದರ ಲೆಕ್ಕದಲ್ಲಿ ಭಾನುವಾರ ಸೊನ್ನೆ, ಸೋಮವಾರ ಒಂದು, ಗುರುವಾರ ನಾಲ್ಕು. ಆ ನಾಲ್ಕನ್ನ ಹಾಗೇ ಸರ್ವರಿಗೆ ಕಳಿಸಿತ್ತು. ಸರ್ವರಿನಲ್ಲಿದ್ದದ್ದು ಪೈಥಾನ್. ಅದರ weekday ಲೆಕ್ಕದಲ್ಲಿ ಸೋಮವಾರವೇ ಸೊನ್ನೆ, ನಾಲ್ಕು ಅಂದ್ರೆ ಶುಕ್ರವಾರ. ಪುಟ ತೆರೆದು ನೋಡಿದ್ರೆ 'ಗುರುವಾರ' ಅಂತಲೇ ಕಾಣ್ತಿತ್ತು, ಯಾಕಂದ್ರೆ ಓದಿ ತೋರಿಸೋದೂ ಅದೇ ಜಾವಾಸ್ಕ್ರಿಪ್ಟು. ಇಬ್ಬರೂ ಅವರವರ ಲೆಕ್ಕದಲ್ಲಿ ಸರಿ!

ಬೇಕಾದ್ರೆ ಸ್ವಾತಂತ್ರ್ಯ ಬಂದ ದಿನವನ್ನೇ ತಗೊಳ್ಳಿ. 1947ರ ಆಗಸ್ಟ್ 15 ಶುಕ್ರವಾರ. ಜಾವಾಸ್ಕ್ರಿಪ್ಟಿಗೆ ಅದು 5, ಪೈಥಾನಿಗೆ 4, ಎಕ್ಸೆಲ್‌ನಲ್ಲಿ ಏನೂ ಬದಲಾಯಿಸದೆ ಕೇಳಿದ್ರೆ 6. ಬರೀ ಅಂಕಿ ಕೊಟ್ಟು ವಾರ ಯಾವುದು ಅಂದ್ರೆ ಯಾರು ತಾನೇ ಹೇಳ್ತಾರೆ?

ಈಗ ಎರಡೂ ಕಡೆ ಐಎಸ್‌ಒ 8601ರ ಲೆಕ್ಕ ಹಾಕಿದೀನಿ. ಸೋಮವಾರ 1, ಭಾನುವಾರ 7. ಇದರಲ್ಲೂ ಒಂದು ಕಿತಾಪತಿ ಇದೆ. ಸೋಮವಾರದಿಂದ ಶನಿವಾರದವರೆಗೆ ಜಾವಾಸ್ಕ್ರಿಪ್ಟಿನ ಅಂಕಿಗೂ ಇದಕ್ಕೂ ಸರಿಹೊಂದುತ್ತೆ. ಭಾನುವಾರ ಒಂದೇ ಕೈಕೊಡೋದು, ಅಲ್ಲಿ ಸೊನ್ನೆ, ಇಲ್ಲಿ ಏಳು. ಆಫೀಸಿರೋ ದಿನಗಳಲ್ಲಷ್ಟೇ ಪರೀಕ್ಷೆ ಮಾಡೋ ನಮ್ಮಂಥವರಿಗೆ ಇದು ಸಿಕ್ಕೋದೇ ಇಲ್ಲ.

ಆದ್ರೆ ನನ್ನ ನಿಜವಾದ ತಪ್ಪು ಅಂಕಿಯದ್ದಲ್ಲ. ನಾನು ಕಳಿಸ್ತಿದ್ದ ಮೆಸೇಜಿನಲ್ಲಿ 'ಇವತ್ತು ಮಾತ್ರೆ ತಗೊಳ್ಳೋ ದಿನ' ಅಂತಷ್ಟೇ ಇತ್ತು. ವಾರದ ಹೆಸರೇ ಇರಲಿಲ್ಲ. 'ಶುಕ್ರವಾರದ ಮಾತ್ರೆ' ಅಂತ ಬಂದಿದ್ರೆ ಅಮ್ಮ ಓದಿದ ತಕ್ಷಣ ನಕ್ಕುಬಿಡ್ತಿದ್ರು. ಹೆಸರಿಲ್ಲದ್ದಕ್ಕೇ ಅವರಿಗೆ ತಮ್ಮ ಮೇಲೇ ಅನುಮಾನ ಬಂದದ್ದು. "ಮಗ ಇಂಜಿನಿಯರು, ಕಂಪ್ಯೂಟರು ತಪ್ಪು ಹೇಳತ್ತಾ ಅಂತ ಸ್ಟ್ರಿಪ್ ಕೈಗೆ ತಗೊಂಡಿದ್ದೆ ಕಣೋ" ಅಂದ್ರು. ತಡೆದದ್ದು ಅಡುಗೆಮನೆ ಗೋಡೆಯ ಕ್ಯಾಲೆಂಡರು. ನಿನ್ನೆಯ ಮನೆಯಲ್ಲಿ ಅವರೇ ಪೆನ್ನಿನಲ್ಲಿ ಹಾಕಿದ್ದ ಗುರುತು ಇತ್ತು.

ಈಗ ಹೆಸರು ಸೇರಿಸಿದೀನಿ. ಏಳು ಹೆಸರನ್ನ ನಾವೇ ಟೈಪ್ ಮಾಡಬೇಕಾದ ಕಾಲ ಇದಲ್ಲ. ಯೂನಿಕೋಡ್‌ನವರ ಸಿಎಲ್‌ಡಿಆರ್‌ನಲ್ಲಿ ಕನ್ನಡದ ವಾರಗಳ ಹೆಸರು ಸಿದ್ಧವಾಗಿವೆ. ಬ್ರೌಸರಿಗೆ 'ಕನ್ನಡ, ಭಾರತ' ಅಂತ ಹೇಳಿದ್ರೆ ತಾರೀಕು ನೋಡಿ 'ಗುರುವಾರ' ಅಂತ ಅದೇ ಬರೆದುಕೊಡುತ್ತೆ. ಬೇರೆ ಕೆಲಸಕ್ಕಾದ್ರೆ ನಾನೂ ಅದನ್ನೇ ಬಳಸೋದು. ಆದ್ರೆ ಹಾಸನದ ನಮ್ಮನೆಯಲ್ಲಿ ಗುರುವಾರ ಅನ್ನೋದು ಕ್ಯಾಲೆಂಡರಿನಲ್ಲಿ ಮಾತ್ರ. ಬಾಯಲ್ಲಿ ಬರೋದು ಬೇಸ್ತವಾರ. ಹಾಗಾಗಿ ಅಮ್ಮನಿಗೋಸ್ಕರ ಏಳೂ ಹೆಸರನ್ನ ಕೈಯಾರೆ ಬರೆದೆ. ಭಾನುವಾರಕ್ಕೆ 'ಭಾನ್ವಾರ' ಅಂತ ಹಾಕೋ ಆಸೆ ಇತ್ತು, ತೀರಾ ಅತಿಯಾಯ್ತು ಅನ್ನಿಸಿ ಬಿಟ್ಟೆ.

ಮುಂದಿನ ವಾರ ಎಂಟಕ್ಕೆ ಮೆಸೇಜ್ ಹೋಯ್ತು: 'ಇವತ್ತು ಬೇಸ್ತವಾರ. ವಾರದ ಮಾತ್ರೆ, ಒಂದೇ.' ಐದು ನಿಮಿಷಕ್ಕೆ ಅಮ್ಮನ ಉತ್ತರ: 'ನುಂಗಿದೆ. ಊಟ ಆಯ್ತಾ?'

ಕ್ಯಾಲೆಂಡರಿನಲ್ಲಿ ಗುರುತು ಹಾಕೋದನ್ನ ಅವರು ಬಿಟ್ಟಿಲ್ಲ. ಬಿಡಿ ಅಂತ ನಾನೂ ಹೇಳಿಲ್ಲ.