ಬಕಪಕ್ಷಿಯೂ ಕಾವೇರಿಯ ನೀರೂ

ಕಪಟಿಯ ಮೌನವನ್ನು ‘ಬಕಧ್ಯಾನ’ವೆಂದು ಕರೆಯುವುದು ನಮ್ಮಲ್ಲಿ ವಾಡಿಕೆಯಷ್ಟೆ. ಆದರೆ ಬಕವು ಅಲುಗದೆ ನಿಲ್ಲುವುದು ಕಪಟದಿಂದಲ್ಲ, ಹೊಟ್ಟೆಪಾಡಿಗಾಗಿ. ಮೀನು, ಕಪ್ಪೆ, ಏಡಿ, ನೀರುಹುಳಗಳೇ ಅದರ ಆಹಾರ. ನೀರಿನಲ್ಲಿ ನಿಂತು ಕೊಕ್ಕಿನಿಂದ ಬೇಟೆಯಾಡುವ ಈ ಹಕ್ಕಿಗೆ ತನ್ನ ಕಾಲಿನ ಉದ್ದವೇ ಮಿತಿ. ನೀರು ಆಳವಾದರೆ ಬೇಟೆಯು ನಿಲುಕದು. ಬತ್ತಿದರೆ ಬೇಟೆಯೇ ಇರದು.

ಮಡಿಕೇರಿಯ ಸುತ್ತಣ ಗದ್ದೆಗಳಲ್ಲಿ ಸುಳಿಯುವ ಕೊಳಬಕವನ್ನು ವಾಚಕರು ನೋಡಿಯೇ ಇರುವರು. ಕುಳಿತಾಗ ಅದಕ್ಕೆ ಕೆಸರಿನ ಬಣ್ಣ, ರೆಕ್ಕೆ ಬಿಚ್ಚಿದಾಗ ಹಾಲಿನ ಬಿಳುಪು. ಹಾರುವಾಗ ಕತ್ತನ್ನು ಮಡಿಸಿಕೊಂಡಿದ್ದರೆ ಅದು ಬಕದ ಜಾತಿಯದು. ಮುಂದಕ್ಕೆ ಚಾಚಿದ್ದರೆ ಕೊಕ್ಕರೆಯ ಜಾತಿಯದು. ಮಕ್ಕಳಿಗೆ ಈ ಗುರುತನ್ನು ತೋರಿಸಿಕೊಡಬಹುದು.

ಮಡಿಕೇರಿಯಲ್ಲಿ ವರ್ಷಕ್ಕೆ ಸುಮಾರು 120 ಅಂಗುಲ ಮಳೆ ಬೀಳುವುದು. ಕಾವೇರಿಯು ಇಳಿದುಹೋಗುವ ಮಂಡ್ಯದ ಸೀಮೆಯಲ್ಲಿ 30 ಅಂಗುಲವೂ ಇಲ್ಲ. ಹೀಗಿದ್ದರೂ ಅಲ್ಲಿನ ಶ್ರೀರಂಗಪಟ್ಟಣದ ಬಳಿ, ಕಾವೇರಿಯ ನಡುಗಡ್ಡೆಗಳಾದ ರಂಗನತಿಟ್ಟಿನಲ್ಲಿ, ಬೂದುಬಕ, ಇರುಳುಬಕ, ಬೆಳ್ಳಕ್ಕಿಗಳು ಸಂಸಾರ ಹೂಡುತ್ತವೆ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ಒಡಂಬಡಿಕೆಯ ಪಟ್ಟಿಯನ್ನು ಸೇರಿತು. ಸುತ್ತಲೂ ಹರಿಯುವ ನೀರೇ ಆ ಗೂಡುಗಳಿಗೆ ಕೋಟೆ. ನೀರು ತಗ್ಗಿ ನೆಲಕ್ಕೆ ದಾರಿಯಾದರೆ ನಾಯಿ ಮೊದಲಾದ ಪ್ರಾಣಿಗಳು ಮರಿಗಳ ಬಳಿಗೆ ಬರುತ್ತವೆ. ಹೊಳೆಯು ಉಕ್ಕಿದರೆ ಗೂಡಿಗೇ ಅಪಾಯ. 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಆ ನಡುಗಡ್ಡೆಗಳು ಮುಳುಗಿದುವು. 2023ರಲ್ಲಿಯಾದರೋ ಮುಂಗಾರು ಸೋತು, ಮೇಲಣ ಕೃಷ್ಣರಾಜಸಾಗರವು ತುಂಬಲೇ ಇಲ್ಲ.

ಹೊಳೆಯಿಲ್ಲದ ಬಯಲುಸೀಮೆಯಲ್ಲಿ ಹಕ್ಕಿಗೆ ಕೆರೆಯೇ ಗತಿ. ಹಗರಿಬೊಮ್ಮನಹಳ್ಳಿಯ ಬಳಿಯ ಅಂಕಸಮುದ್ರವು ಬೇಸಾಯಕ್ಕಾಗಿ ಹಿಂದಿನವರು ಕಟ್ಟಿದ ಕೆರೆ. ಅದರೊಳಗಿನ ಜಾಲಿಮರಗಳಲ್ಲಿ ಹಕ್ಕಿಗಳು ಗೂಡುಕಟ್ಟುತ್ತವೆ. ಅದಕ್ಕೂ ರಾಮ್ಸರ್ ಮನ್ನಣೆ ದೊರೆತಿದೆ. ಮನುಷ್ಯನು ತನ್ನ ಅನ್ನಕ್ಕಾಗಿ ನಿಲ್ಲಿಸಿದ ನೀರು ಹಕ್ಕಿಗೂ ಅನ್ನವಾಯಿತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಬರವೆಂಬುದು ಬಯಲುಸೀಮೆಯ ಮಾತು, ಮಳೆನಾಡಿನವರಾದ ನಮಗೇನೆಂದು ಕೇಳುವವರುಂಟು. ಆದರೆ ಮಳೆ ಸುರಿದ ಮಾತ್ರಕ್ಕೆ ನೀರು ಉಳಿಯುವುದಿಲ್ಲ. ನಮ್ಮ ಕಣಿವೆಯ ಭತ್ತದ ಗದ್ದೆಗಳು ಮಳೆಯ ನೀರನ್ನು ತಡೆದು ನೆಲಕ್ಕೆ ಇಳಿಸುತ್ತವೆ. ಹಾಗೆ ಇಳಿದ ನೀರೇ ಮಳೆ ನಿಂತ ಮೇಲೆ ತೋಡುಗಳಲ್ಲಿ ಒಸರಿ ಹೊಳೆಯನ್ನು ಸೇರುತ್ತದೆ. ಈಗ ಕೂಲಿಯಾಳುಗಳ ಅಭಾವದಿಂದ ಕೆಲವರು ಗದ್ದೆಯನ್ನು ಪಾಳುಬಿಡುತ್ತಾರೆ. ಕೆಲವರು ನೀರು ಬಸಿದು ಶುಂಠಿ ಹಾಕುತ್ತಾರೆ. ಇನ್ನು ಕೆಲವರು ಮಣ್ಣು ತುಂಬಿ ಮನೆಯ ನಿವೇಶನ ಮಾಡುತ್ತಾರೆ. ಭತ್ತದಿಂದ ಲಾಭವಿಲ್ಲವೆಂಬ ಅವರ ಮಾತು ಸುಳ್ಳಲ್ಲ. ಆದರೆ ಗದ್ದೆ ಹೋದರೆ ಮನೆಯ ಬಾವಿಗೂ ಅದರ ಬಿಸಿ ತಟ್ಟದಿರದು.

ಇರುವ ಗದ್ದೆಯಲ್ಲಿ ಒಂದು ಮಡಿಯನ್ನಾದರೂ ನೀರು ನಿಲ್ಲುವಂತೆ ಉಳಿಸಿಕೊಳ್ಳುವುದು, ಮನೆಯ ಕೆರೆಯ ಹೂಳು ತೆಗೆಯಿಸುವುದು, ಗೂಡಿರುವ ಮರವನ್ನು ಮರಿಗಳು ಹಾರುವವರೆಗೆ ಕಡಿಯದಿರುವುದು, ಕೀಟನಾಶಕವನ್ನು ತೋಡಿಗೆ ತೊಳೆಯದಿರುವುದು: ಇವು ಗೃಹಸ್ಥರಿಗೆ ಅಸಾಧ್ಯವಾದವುಗಳಲ್ಲ. ಬದುವಿನ ಮೇಲೆ ಬಕವು ನಿಂತಿದೆಯೆಂದರೆ ಅಲ್ಲಿ ನೀರಿದೆ, ನೀರಿನಲ್ಲಿ ಜೀವವಿದೆಯೆಂದು ತಿಳಿಯಬೇಕು. ಅದು ಬಾರದ ವರುಷ, ಕಾರಣವೇನೆಂದು ನಮ್ಮ ಗದ್ದೆಯನ್ನೇ ಮೊದಲು ನೋಡಿಕೊಳ್ಳುವುದು ಲೇಸು.