‘ಗಣಿತ ನನ್ನ ತಲೆಗೆ ಹತ್ತುವುದಿಲ್ಲ’
ಪ್ರೌಢಶಾಲೆಯ ಮಕ್ಕಳು ಓದಿಗೆ ಎಷ್ಟು ಶ್ರಮ ಹಾಕುತ್ತಾರೆ ಎಂಬುದರಲ್ಲಿ ಬುದ್ಧಿಶಕ್ತಿಯ ಜೊತೆಗೆ ‘ಇದು ನನ್ನಿಂದಾಗುತ್ತದೆ’ ಎಂಬ ನಂಬಿಕೆಯ ಪಾಲೂ ದೊಡ್ಡದು. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ಈ ಸ್ವಸಾಮರ್ಥ್ಯದ ನಂಬಿಕೆಗೆ ನಾಲ್ಕು ಮೂಲಗಳನ್ನು ಗುರುತಿಸಿದರು: ಸ್ವಂತ ಗೆಲುವು, ತನ್ನಂಥವರು ಗೆದ್ದದ್ದನ್ನು ಕಾಣುವುದು, ಇತರರ ಪ್ರೋತ್ಸಾಹದ ಮಾತು, ಮೈಮನಸ್ಸಿನ ಆ ಹೊತ್ತಿನ ಸ್ಥಿತಿ. ಇವುಗಳಲ್ಲಿ ಸ್ವಂತ ಗೆಲುವಿನದೇ ಮೇಲುಗೈ. ಆದರೆ ಶಾಲೆಗಳಲ್ಲಿ ಧಾರಾಳವಾಗಿ ಸಿಗುವುದು ಪ್ರೋತ್ಸಾಹದ ಮಾತು. ಒಂಬತ್ತನೇ ತರಗತಿಯ ಹುಡುಗಿ ಬಹುಪದೋಕ್ತಿಯ ಅಪವರ್ತನದಲ್ಲಿ ಮಧ್ಯದ ಪದ ಒಡೆಯುವಾಗ ಚಿಹ್ನೆ ತಪ್ಪಿದಳೆನ್ನಿ. ಮುಂದಿನದು ಅವಳು ಕೊಟ್ಟುಕೊಳ್ಳುವ ಕಾರಣದ ಮೇಲೆ ನಿಂತಿದೆ ಎನ್ನುತ್ತದೆ ಮನೋವಿಜ್ಞಾನಿ ಬರ್ನಾರ್ಡ್ ವೈನರ್ ಅವರ ಸಿದ್ಧಾಂತ. ‘ಮೈನಸ್ ಗಮನಿಸಲಿಲ್ಲ’ ಎಂದುಕೊಂಡರೆ ಮತ್ತೆ ಪೆನ್ನು ಹಿಡಿಯುತ್ತಾಳೆ. ‘ನನಗೆ ತಲೆಯೇ ಇಲ್ಲ’ ಎಂದುಕೊಂಡರೆ ಪುಸ್ತಕ ಮುಚ್ಚುತ್ತಾಳೆ. ಅಂಕಗಳನ್ನು ಇಡೀ ತರಗತಿಯ ಮುಂದೆ ಗಟ್ಟಿಯಾಗಿ ಓದುವ ರೂಢಿ ಎರಡನೆಯ ಕಾರಣಕ್ಕೇ ನೀರೆರೆಯುತ್ತದೆ. ಪರೀಕ್ಷಾ ಭಯದ ದಾರಿ ಬೇರೆ: ಲೆಕ್ಕದ ಹಂತಗಳನ್ನು ಹಿಡಿದಿಡಬೇಕಾದ ಅಲ್ಪಾವಧಿ ನೆನಪಿನ ಜಾಗವನ್ನು ಚಿಂತೆ ಆಕ್ರಮಿಸುವುದರಿಂದ ಗೊತ್ತಿದ್ದದ್ದೂ ಮರೆತುಹೋಗುತ್ತದೆ. ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನದ ಹಂತವಾರು ಅಂಕದ ಪದ್ಧತಿಯನ್ನು ತರಗತಿಯ ಕಿರುಪರೀಕ್ಷೆಗಳಲ್ಲೂ ಶ್ರದ್ಧೆಯಿಂದ ಪಾಲಿಸಿದರೆ, ಸರಿಯಾಗಿ ಬಿಡಿಸಿದಷ್ಟು ಭಾಗವಾದರೂ ಮಕ್ಕಳ ಕಣ್ಣಿಗೆ ಬೀಳುತ್ತದೆ.